ಯಾರೂ ಊಹಿಸಿರಲಿಲ್ಲವೇ?

ಹೊಸ ಔಷಧವನ್ನು ಮೊದಲ ಸಲ ಮನುಷ್ಯರ ಮೇಲೆ ಪ್ರಯೋಗಿಸುವಾಗ ಯಾರಾದರೂ ಸತ್ತರೆ ಅಥವಾ ಅಂಗ ಕಳೆದುಕೊಂಡರೆ ನಮಗೆ ಸಿಗುವ ಸಮಜಾಯಿಷಿ ಹೆಚ್ಚೂಕಡಿಮೆ ಒಂದೇ. ಪ್ರಾಣಿಗಳ ಮೇಲೆ ಪರೀಕ್ಷೆಯಾಗಿತ್ತು. ಸರ್ಕಾರದ ಅನುಮತಿ ಇತ್ತು. ಎಥಿಕ್ಸ್ ಕಮಿಟಿ ಒಪ್ಪಿತ್ತು. ಬಂದವರೆಲ್ಲ ಓದಿ ಸಹಿ ಹಾಕಿದ್ದರು. ಇಷ್ಟಾಗಿಯೂ ಯಾರೂ ಊಹಿಸದ ಅನಾಹುತ ನಡೆದುಹೋಯಿತು. ವಿಜ್ಞಾನ ಮುಂದೆ ಸಾಗಬೇಕಾದರೆ ಎಲ್ಲೋ ಯಾರೋ ಇಷ್ಟು ಬೆಲೆ ತೆರಲೇಬೇಕು. ಕಂಪನಿಗಳ ವಕ್ತಾರರು ಮಾತ್ರ ಹೀಗೆ ಹೇಳುತ್ತಿದ್ದರೆ ಅದನ್ನು ಖಂಡಿಸಲು ಒಂದು ಲೇಖನ ಬೇಕಿರಲಿಲ್ಲ. ವೈದ್ಯರು, ಪತ್ರಕರ್ತರು, ವಿಜ್ಞಾನದ ಬಗ್ಗೆ ಗೌರವವುಳ್ಳ ಓದುಗರು ಕೂಡ ಇದನ್ನೇ ನಂಬಿದ್ದಾರೆ. ನಂಬಲು ಸುಲಭವಾದ ಮಾತು ಅದು. ಯಾರನ್ನೂ ದೂರಬೇಕಾಗಿಲ್ಲ, ಯಾವುದನ್ನೂ ಬದಲಿಸಬೇಕಾಗಿಲ್ಲ.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಗಮನ ಸೆಳೆದ ಇಂಥ ದುರಂತಗಳ ತನಿಖಾ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ವಿಜ್ಞಾನಕ್ಕೆ ನಿಜಕ್ಕೂ ನಿಲುಕದ ಸಂಗತಿಯಿಂದಲೇ ಆದ ಹಾನಿ ಕಡಿಮೆ. ಒಂದು ದಿನ ಕಾಯದ್ದರಿಂದ, ಮಾಡಬಹುದಾಗಿದ್ದ ಲೆಕ್ಕ ಮಾಡದ್ದರಿಂದ, ತಿಳಿದಿದ್ದನ್ನು ಹೇಳದ್ದರಿಂದ ಆದದ್ದು ಹೆಚ್ಚು. ಹೊಸ ರಾಸಾಯನಿಕವೊಂದು ದೇಹದೊಳಗೆ ಏನು ಮಾಡೀತು ಎಂಬುದು ಮುಂಚಿತವಾಗಿ ಗೊತ್ತಿರುವುದಿಲ್ಲ, ನಿಜ. ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದಲ್ಲ? ಹಾಗಿದ್ದ ಮೇಲೆ ಗೊತ್ತಿರುವವರಂತೆ ಧಾವಿಸಿದ್ದೇಕೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮೊದಲ ಹಂತದ ಪ್ರಯೋಗದ ಸ್ವರೂಪವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಕ್ಯಾನ್ಸರಿನಂಥ ಕಾಯಿಲೆಗಳನ್ನು ಬಿಟ್ಟರೆ, ಈ ಹಂತದಲ್ಲಿ ಔಷಧ ಪಡೆಯುವವರು ಸಾಮಾನ್ಯವಾಗಿ ರೋಗಿಗಳಲ್ಲ, ಆರೋಗ್ಯವಂತರು. ರೋಗ ವಾಸಿಯಾಗುತ್ತದೆಯೇ ಎಂದು ನೋಡುವುದು ಇಲ್ಲಿನ ಗುರಿಯಲ್ಲ. ದೇಹ ಎಷ್ಟು ಡೋಸ್ ತಾಳುತ್ತದೆ, ಔಷಧ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯುತ್ತಾರೆ. ಸಣ್ಣ ಪ್ರಮಾಣದಿಂದ ಆರಂಭಿಸಿ, ಗುಂಪಿನಿಂದ ಗುಂಪಿಗೆ ಏರಿಸುತ್ತಾ ಹೋಗುತ್ತಾರೆ. ರೋಗಿಗೆ ಅಪಾಯದ ಜೊತೆ ಗುಣವಾಗುವ ಆಸೆಯೂ ಇರುತ್ತದೆ. ಇಲ್ಲಿ ಮಲಗಿದವನಿಗೆ ಕೈಗೆ ಬರುವ ಹಣ ಬಿಟ್ಟರೆ ಬೇರೆ ಲಾಭವಿಲ್ಲ. ಚಿಕಿತ್ಸೆಯಲ್ಲಿ ಒಪ್ಪಬಹುದಾದ ಅವಸರವನ್ನು ಇಲ್ಲಿ ಒಪ್ಪಲಾಗದಿರುವುದು ಇದೇ ಕಾರಣಕ್ಕೆ.

ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಖಾಸಗಿ ಪ್ರಯೋಗ ಘಟಕದಲ್ಲಿ 2006ರ ಮಾರ್ಚ್ 13ರಂದು ನಡೆದದ್ದನ್ನೇ ನೋಡಿ. ಜರ್ಮನಿಯ ಟೆಜೆನೆರೋ ಎಂಬ ಸಣ್ಣ ಕಂಪನಿ ಟಿಜಿಎನ್ 1412 ಎಂಬ ಪ್ರತಿಕಾಯ ಔಷಧವನ್ನು ಸಿದ್ಧಪಡಿಸಿತ್ತು. ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಕೆರಳಲು ಸಾಮಾನ್ಯವಾಗಿ ಎರಡು ಸಂಕೇತಗಳು ಬೇಕು. ಸಿಡಿ28 ಎಂಬ ಗ್ರಾಹಕವನ್ನು ಹಿಡಿದು, ಒಂದೇ ಸಂಕೇತದಿಂದ ಅವನ್ನು ಎಬ್ಬಿಸುವಂತೆ ಈ ಔಷಧವನ್ನು ರೂಪಿಸಲಾಗಿತ್ತು. ಅಂದು ಎಂಟು ಯುವಕರು ಹಾಸಿಗೆಗಳ ಮೇಲಿದ್ದರು. ಆರು ಜನರಿಗೆ ಔಷಧ, ಇಬ್ಬರಿಗೆ ಹುಸಿಮದ್ದು. ಪ್ರತಿಯೊಬ್ಬರಿಗೂ ಸುಮಾರು 2000 ಪೌಂಡ್ ಸಂಭಾವನೆ. ಬೆಳಿಗ್ಗೆ ಒಬ್ಬೊಬ್ಬರಿಗೂ ಹತ್ತು ಹತ್ತು ನಿಮಿಷದ ಅಂತರದಲ್ಲಿ ರಕ್ತನಾಳದ ಮೂಲಕ ಮದ್ದು ಏರಿಸುತ್ತಾ ಹೋದರು. ಔಷಧ ಹೋದ ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ವಾಂತಿ, ಜ್ವರ ಕಾಣಿಸಿಕೊಂಡು ರಕ್ತದೊತ್ತಡ ಕುಸಿಯಿತು. ದಿನ ಕಳೆಯುವಷ್ಟರಲ್ಲಿ ಆರೂ ಮಂದಿಯ ಅಂಗಾಂಗಗಳು ಒಂದೊಂದಾಗಿ ಕೈಕೊಡತೊಡಗಿದ್ದವು. ಎಲ್ಲರೂ ಬದುಕಿ ಉಳಿದದ್ದು ಆಸ್ಪತ್ರೆಯ ತೀವ್ರ ನಿಗಾ ಘಟಕದವರ ಶ್ರಮದಿಂದ. ಒಬ್ಬ ಯುವಕ ಕಾಲ್ಬೆರಳುಗಳನ್ನೂ ಕೈಬೆರಳ ತುದಿಗಳನ್ನೂ ಕಳೆದುಕೊಂಡ.

ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ತನಿಖೆ ಮಾಡಿತು. ಔಷಧದಲ್ಲಿ ಕಲಬೆರಕೆ ಇರಲಿಲ್ಲ, ಡೋಸ್ ಅಳೆಯುವಲ್ಲಿ ತಪ್ಪಾಗಿರಲಿಲ್ಲ. ಕೊಡಬೇಕೆಂದು ಯೋಜಿಸಿದ್ದನ್ನೇ ಕೊಟ್ಟಿದ್ದರು. ಇದನ್ನು ಕೇಳಿದ ಹಲವರು ನಿಟ್ಟುಸಿರುಬಿಟ್ಟು, ಹಾಗಾದರೆ ಇದು ದೈವಲೀಲೆ ಎಂಬಂತೆ ಕೈಚೆಲ್ಲಿದರು. ನನಗೆ ಅದೇ ವಾಕ್ಯ ದೋಷಾರೋಪದಂತೆ ಕೇಳಿಸುತ್ತದೆ. ಎಲ್ಲವೂ ಯೋಜನೆಯಂತೆಯೇ ನಡೆದಿತ್ತು ಎಂದಾದರೆ ದೋಷವಿದ್ದದ್ದು ಯೋಜನೆಯಲ್ಲೇ.

ಯೋಜನೆಯ ಮೊದಲ ದೋಷ ಡೋಸಿನ ಲೆಕ್ಕದಲ್ಲಿತ್ತು. ಮಂಗಗಳಿಗೆ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂ ಕೊಟ್ಟಾಗಲೂ ತೊಂದರೆ ಕಂಡಿರಲಿಲ್ಲ. ಅದರ ಐನೂರನೇ ಒಂದು ಭಾಗವನ್ನು, ಅಂದರೆ ಕಿಲೋಗೆ 0.1 ಮಿಲಿಗ್ರಾಂ ಅನ್ನು, ಮನುಷ್ಯರಿಗೆ ಕೊಟ್ಟರು. ಐನೂರನೇ ಒಂದು ಭಾಗ ಎಂದರೆ ಯಾರಿಗಾದರೂ ಅತಿ ಎಚ್ಚರಿಕೆ ಅನ್ನಿಸುತ್ತದೆ. ಆದರೆ ಅಷ್ಟು ಡೋಸ್ ದೇಹದಲ್ಲಿ ಸೇರಿದರೆ ಸಿಡಿ28 ಗ್ರಾಹಕಗಳಲ್ಲಿ ಎಷ್ಟು ಪಾಲು ತುಂಬುತ್ತವೆ ಎಂದು ನೇರವಾಗಿ ಲೆಕ್ಕ ಹಾಕಿದ್ದರೆ ಸಿಗುತ್ತಿದ್ದ ಉತ್ತರ ಹೆಚ್ಚೂಕಡಿಮೆ 90 ಪ್ರತಿಶತ. ಮೊದಲ ಮನುಷ್ಯನಿಗೆ, ಮೊದಲ ಡೋಸಿನಲ್ಲೇ, ಗುರಿಯ ಹತ್ತರಲ್ಲಿ ಒಂಬತ್ತು ಪಾಲನ್ನು ಹಿಡಿಯುವಷ್ಟು ಮದ್ದು! ಗೋರ್ಡನ್ ಡಫ್ ಅಧ್ಯಕ್ಷತೆಯ ತಜ್ಞರ ಸಮಿತಿ ಅದೇ ವರ್ಷದ ಕೊನೆಗೆ ವರದಿ ಕೊಟ್ಟಾಗ, ಇಂಥ ಔಷಧಗಳಿಗೆ ಪ್ರಾಣಿ ತಾಳಿದ ಗರಿಷ್ಠ ಪ್ರಮಾಣದಿಂದ ಕೆಳಗಿಳಿಯುವ ಬದಲು, ಪರಿಣಾಮ ಕಾಣಿಸಬಹುದಾದ ಕನಿಷ್ಠ ಪ್ರಮಾಣದಿಂದ ಮೇಲೇರಬೇಕು ಎಂದು ಸೂಚಿಸಿತು. ಆ ಲೆಕ್ಕಕ್ಕೆ ಬೇಕಾದ ಗಣಿತ 2006ರ ಡಿಸೆಂಬರಿನಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಮಾರ್ಚಿನಲ್ಲೂ ಇತ್ತು.

ಮಂಗಗಳಿಗೆ ಏನೂ ಆಗಲಿಲ್ಲವಲ್ಲ, ಅದು ಮೋಸ ಮಾಡಿತಲ್ಲ ಎಂದು ಕೇಳಬಹುದು. ಕಾರಣ ತಿಳಿದದ್ದು 2010ರಲ್ಲಿ: ಮನುಷ್ಯರಲ್ಲಿ ಕೆರಳಿದ ಬಗೆಯ ಟಿ ಕೋಶಗಳ ಮೇಲೆ ಆ ಮಂಗಗಳಲ್ಲಿ ಸಿಡಿ28 ಇರುವುದೇ ಇಲ್ಲ. ಈ ವಿವರ 2006ರಲ್ಲಿ ತಿಳಿದಿರಲಿಲ್ಲ ಎಂಬುದನ್ನು ಒಪ್ಪೋಣ. ಆದರೆ ರೋಗನಿರೋಧಕ ವ್ಯವಸ್ಥೆಯನ್ನೇ ಕೆರಳಿಸಲು ಹೊರಟ ಔಷಧಕ್ಕೆ ಇನ್ನೊಂದು ಜೀವಿಯ ರೋಗನಿರೋಧಕ ವ್ಯವಸ್ಥೆ ಸರಿಯಾದ ಅಳತೆಗೋಲಲ್ಲ ಎಂಬ ಅನುಮಾನ ಬರಲು ದಿವ್ಯದೃಷ್ಟಿ ಬೇಕಿಲ್ಲ. ಟಿ ಕೋಶಗಳನ್ನು ಹಿಡಿಯುವ ಓಕೆಟಿ3 ಎಂಬ ಪ್ರತಿಕಾಯ 1980ರ ದಶಕದಲ್ಲೇ ರೋಗಿಗಳಲ್ಲಿ ಇಂಥದ್ದೇ ಉರಿಯೂತದ ಅಬ್ಬರ ಎಬ್ಬಿಸಿದ್ದು ವೈದ್ಯರಿಗೆ ಗೊತ್ತಿತ್ತು. ದುರಂತವಾದ ವರ್ಷದೊಳಗೇ ಬ್ರಿಟನ್ನಿನ ಪ್ರಯೋಗಾಲಯವೊಂದು ಟಿಜಿಎನ್ 1412 ಅನ್ನು ಪ್ಲಾಸ್ಟಿಕ್ ತಟ್ಟೆಯ ಮೇಲ್ಮೈಗೆ ಅಂಟಿಸಿ, ಮನುಷ್ಯರ ರಕ್ತಕೋಶಗಳನ್ನು ಅದರ ಮೇಲೆ ಬಿಟ್ಟಿತು. ಅವು ಕೆರಳಿದವು. ಮೊದಲೇ ಮಾಡಬಹುದಾಗಿದ್ದ ಪರೀಕ್ಷೆ ಅದು.

ಇದೆಲ್ಲವನ್ನೂ ಪಕ್ಕಕ್ಕಿಡೋಣ. ಗ್ರಾಹಕ, ಕೋಶ, ಲೆಕ್ಕ ಯಾವುದೂ ಯಾರಿಗೂ ಹೊಳೆಯಲು ಸಾಧ್ಯವಿರಲಿಲ್ಲ ಎಂದೇ ವಾದಕ್ಕೆ ಒಪ್ಪೋಣ. ಆಗಲೂ ಆ ಹತ್ತು ನಿಮಿಷದ ಅಂತರ ಉಳಿದುಕೊಳ್ಳುತ್ತದೆ. ಆಳ ಗೊತ್ತಿಲ್ಲದ ಹೊಳೆ ದಾಟುವಾಗ ಹಳ್ಳಿಯವರು ಮೊದಲು ಈಜು ಬಲ್ಲ ಒಬ್ಬನನ್ನು ಇಳಿಸಿ, ಅವನು ಆಚೆ ದಡ ಸೇರುವವರೆಗೂ ಉಳಿದವರನ್ನು ಇಳಿಯಗೊಡುವುದಿಲ್ಲ. ಇಲ್ಲಿ ಎಂಟನೆಯವನ ಸರದಿ ಮುಗಿಯಲು ಒಂದೂಕಾಲು ಗಂಟೆ ಸಾಕಾಗಿತ್ತು. ಮೊದಲನೆಯವನ ದೇಹ ಏನು ಹೇಳುತ್ತದೆಂದು ಕೇಳಲು ಯಾರಿಗೂ ಪುರುಸೊತ್ತು ಇರಲಿಲ್ಲ. ಅಂದು ಒಬ್ಬನಿಗೆ ಕೊಟ್ಟು ಮರುದಿನದವರೆಗೆ ಕಾದಿದ್ದರೆ ತೀವ್ರ ನಿಗಾ ಘಟಕಕ್ಕೆ ಹೋಗುತ್ತಿದ್ದವನು ಒಬ್ಬನೇ. ಉಳಿದ ಐವರು ಮನೆಗೆ ಮರಳುತ್ತಿದ್ದರು. ಇದಕ್ಕೆ ಪ್ರತಿಕಾಯ ವಿಜ್ಞಾನ ಬೇಕಿಲ್ಲ, ಸಾಮಾನ್ಯ ಜ್ಞಾನ ಸಾಕು. ಆರರಲ್ಲಿ ಐವರ ಪಾಲಿಗೆ ಅನಾಹುತ ತಂದದ್ದು ದಿನಚರಿಯ ಪಟ್ಟಿ.

ಔಷಧವೇ ವಿಷವಾಗಿತ್ತು, ಯಾರೇನು ಮಾಡಲು ಸಾಧ್ಯ ಎನ್ನುವವರಿಗೆ ಈ ಕಥೆಯ ಮುಂದಿನ ಭಾಗವೇ ಉತ್ತರ. ಟೆಜೆನೆರೋ ಅದೇ ವರ್ಷ ದಿವಾಳಿಯಾಯಿತು. ಆದರೆ ಅದೇ ಪ್ರತಿಕಾಯ ರಷ್ಯಾದ ಕಂಪನಿಯೊಂದರ ಕೈಸೇರಿ, ಬೇರೆ ಹೆಸರಿನಲ್ಲಿ ಮತ್ತೆ ಆರೋಗ್ಯವಂತರ ಮೇಲೆ ಪ್ರಯೋಗವಾಯಿತು. ಈ ಸಲ ಆರಂಭದ ಡೋಸ್ ಲಂಡನ್ನಿನದರ ಸಾವಿರದಲ್ಲಿ ಒಂದು ಭಾಗ. ಅಲ್ಲಿಂದ ಹಂತಹಂತವಾಗಿ ಏರಿಸಿದರು. ಲಂಡನ್ನಿನ ಬಿರುಗಾಳಿ ಏಳಲಿಲ್ಲ. ಅಣು ಅದೇ, ಮನುಷ್ಯದೇಹ ಅದೇ. ಬದಲಾದದ್ದು ಕೊಟ್ಟ ಪ್ರಮಾಣ, ಕೊಟ್ಟ ರೀತಿ.

ಲಂಡನ್ನಿನಿಂದ ಜಗತ್ತು ಪಾಠ ಕಲಿಯಿತು, ಈಗ ಅಂಥದ್ದು ನಡೆಯದು ಎಂಬುದು ಅನಾಹುತ ಅನಿವಾರ್ಯವೆನ್ನುವ ಪಕ್ಷದ ಎರಡನೇ ಸಮರ್ಥನೆ. ಯುರೋಪಿನ ಔಷಧ ಸಂಸ್ಥೆ 2007ರಲ್ಲಿ ಹೊಸ ಮಾರ್ಗಸೂಚಿ ತಂದದ್ದು ನಿಜ. ಹತ್ತು ವರ್ಷವೂ ಕಳೆಯಲಿಲ್ಲ, 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಬಯೋಟ್ರಯಲ್ ಎಂಬ ಸಂಸ್ಥೆ ಪೋರ್ಚುಗಲ್ಲಿನ ಬಿಯಾಲ್ ಕಂಪನಿಯ ಬಿಐಎ 10-2474 ಎಂಬ ಮಾತ್ರೆಯನ್ನು ಪರೀಕ್ಷಿಸುತ್ತಿತ್ತು. ಆ ಹೊತ್ತಿಗೆ 90 ಜನ ಔಷಧ ಸೇವಿಸಿದ್ದರು. ದಿನಕ್ಕೆ 50 ಮಿಲಿಗ್ರಾಂ ಪಡೆಯುತ್ತಿದ್ದ ಗುಂಪಿನ ಒಬ್ಬ ಜನವರಿ 10ರ ಭಾನುವಾರ ಸಂಜೆ ಅಸ್ವಸ್ಥನಾದ. ಅವನನ್ನು ಆಸ್ಪತ್ರೆಗೆ ಒಯ್ದರು. ಸೋಮವಾರ ಬೆಳಿಗ್ಗೆ ಅದೇ ಗುಂಪಿನ ಉಳಿದ ಐವರಿಗೆ ಎಂದಿನಂತೆ ಮುಂದಿನ ಡೋಸ್ ಕೊಟ್ಟರು. ನಿಮ್ಮ ಜೊತೆಗಿದ್ದವನು ಆಸ್ಪತ್ರೆಯಲ್ಲಿದ್ದಾನೆ, ನೀವು ಮುಂದುವರಿಯುತ್ತೀರಾ ಎಂದು ಅವರನ್ನು ಕೇಳಲಿಲ್ಲ. ಪ್ರಯೋಗ ನಿಂತದ್ದು ಆಮೇಲೆ. ಔಷಧ ನಿಯಂತ್ರಣ ಸಂಸ್ಥೆಗೆ ವಿಷಯ ತಲುಪಿದ್ದು 14ರಂದು. ಮೊದಲು ಅಸ್ವಸ್ಥನಾದವನು 17ರಂದು ತೀರಿಕೊಂಡ. ಉಳಿದ ಐವರಲ್ಲಿ ನಾಲ್ವರ ಮಿದುಳಿಗೂ ಪೆಟ್ಟು ಬಿದ್ದಿತ್ತು.

ಸೋಮವಾರದ ಆ ಒಂದು ಡೋಸ್ ತಪ್ಪಿದ್ದರೆ ನಾಲ್ವರು ಉಳಿಯುತ್ತಿದ್ದರೇ ಎಂಬುದಕ್ಕೆ ಪುರಾವೆ ಇಲ್ಲ. ಅವರನ್ನು ಕೇಳಬೇಕಿತ್ತು ಎಂಬುದಕ್ಕೆ ಪುರಾವೆಯ ಅಗತ್ಯವೂ ಇಲ್ಲ. ಡೋಸಿನ ಕಥೆ ಇನ್ನೂ ವಿಚಿತ್ರ. ದಿನಾ ಸೇವಿಸುವ ಗುಂಪುಗಳಿಗೆ 2.5, 5, 10, 20 ಮಿಲಿಗ್ರಾಂ ಎಂದು ಪ್ರತಿ ಹಂತದಲ್ಲಿ ಎರಡು ಪಟ್ಟು ಏರಿಸುತ್ತಾ ಬಂದು, ಕೊನೆಗೆ ಒಮ್ಮೆಲೇ 50ಕ್ಕೆ ಜಿಗಿದರು. ಎತ್ತರಕ್ಕೆ ಹೋದಂತೆ ಹೆಜ್ಜೆ ಚಿಕ್ಕದಾಗಬೇಕು, ಇಲ್ಲಿ ದೊಡ್ಡದಾಯಿತು. ಈ ಔಷಧ ತಡೆಯಬೇಕಿದ್ದ ಕಿಣ್ವವನ್ನು ಪೂರ್ತಿ ತಡೆಯಲು ಸಾಕಾಗುವ ಪ್ರಮಾಣದ 10ರಿಂದ 40 ಪಟ್ಟು ಹೆಚ್ಚು ಡೋಸ್ ಕೊಡಲಾಗಿತ್ತು ಎಂದು ಫ್ರಾನ್ಸಿನ ತಜ್ಞರ ಸಮಿತಿ ಹೇಳಿತು. ಕೆಲಸ ಪೂರ್ತಿಯಾದ ಮೇಲೂ ಏರಿಸುತ್ತಾ ಹೋದದ್ದರಿಂದ ಯಾವ ಜ್ಞಾನ ಸಿಗಬೇಕಿತ್ತು? ಗುರಿ ತುಂಬಿದ ಮೇಲೆ ಹೆಚ್ಚಾದ ಔಷಧ ಬೇರೆ ಕಿಣ್ವಗಳ ಮೇಲೆ ಬೀಳುವ ಸಂಭವವಿರುತ್ತದೆ. ಲೈಡನ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೇತೃತ್ವದ ತಂಡ 2017ರಲ್ಲಿ ತೋರಿಸಿದ್ದು ಅದನ್ನೇ: ಈ ಅಣು ಮನುಷ್ಯರ ಕೋಶಗಳಲ್ಲಿ ಕೊಬ್ಬನ್ನು ಒಡೆಯುವ ಹಲವು ಬೇರೆ ಕಿಣ್ವಗಳನ್ನೂ ತಡೆಯುತ್ತಿತ್ತು. ಇದೇ ವರ್ಗದ ಇನ್ನೊಂದು ಕಂಪನಿಯ ಸುರಕ್ಷಿತ ಔಷಧಕ್ಕೆ ಆ ಗುಣವಿರಲಿಲ್ಲ. ತಟ್ಟೆಯಲ್ಲಿಟ್ಟು ಕಂಡುಕೊಳ್ಳಬಹುದಾದ ಈ ಸಂಗತಿಗಾಗಿ ಮನುಷ್ಯರ ಮಿದುಳು ಬೇಕಾಗಿರಲಿಲ್ಲ.

ಇನ್ನೂ ಹಿಂದೆ ಹೋದರೂ ಚಿತ್ರ ಬದಲಾಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1999ರ ಸೆಪ್ಟೆಂಬರಿನಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ಬಂದ 18ರ ತರುಣನೊಬ್ಬ ಔಷಧ ಪಡೆದ ನಾಲ್ಕನೇ ದಿನ ಸತ್ತ. ಅವನ ಯಕೃತ್ತಿನ ಕಾಯಿಲೆ ಪಥ್ಯ ಮತ್ತು ಮಾತ್ರೆಗಳಿಂದ ಹತೋಟಿಯಲ್ಲಿತ್ತು. ಇಂಥದೇ ವೈರಸ್ ವಾಹಕದಿಂದ ಮಂಗಗಳು ಸತ್ತಿದ್ದ ವಿಷಯ ಅವನು ಸಹಿ ಹಾಕಿದ ಪತ್ರದಲ್ಲಿ ಇರಲಿಲ್ಲ. ಪ್ರಯೋಗದ ಮುಖ್ಯ ವಿಜ್ಞಾನಿಗೆ ಆ ತಂತ್ರಜ್ಞಾನದ ಕಂಪನಿಯಲ್ಲಿ ಪಾಲಿತ್ತು. ಎರಡು ವರ್ಷಗಳ ನಂತರ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅಸ್ತಮಾ ಅಧ್ಯಯನಕ್ಕಾಗಿ ಹೆಕ್ಸಾಮಿಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಎಳೆದುಕೊಂಡ 24ರ ಆರೋಗ್ಯವಂತ ಯುವತಿಯ ಶ್ವಾಸಕೋಶ ನಾಶವಾಗಿ ಅವಳು ತೀರಿಕೊಂಡಳು. ಅದು ಶ್ವಾಸಕೋಶಕ್ಕೆ ಹಾನಿ ಮಾಡಬಹುದು ಎಂದು 1950ರ ದಶಕದ ವೈದ್ಯಕೀಯ ಪತ್ರಿಕೆಗಳಲ್ಲೇ ಅಚ್ಚಾಗಿತ್ತು. ಸಂಶೋಧಕರು ಕಂಪ್ಯೂಟರಿನಲ್ಲಿ ಹುಡುಕಿದ ದಾಖಲೆ ಅಷ್ಟು ಹಿಂದಕ್ಕೆ ಹೋಗುತ್ತಿರಲಿಲ್ಲ. ಅವಳಿಗಿಂತ ಮೊದಲು ಪ್ರಯೋಗಕ್ಕೆ ಬಂದಿದ್ದವನಿಗೆ ಕೆಮ್ಮು ಬಂದಿತ್ತು. ಅದನ್ನು ಎಥಿಕ್ಸ್ ಕಮಿಟಿಗೆ ತಿಳಿಸಿರಲಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಅರ್ಧ ಶತಮಾನದಿಂದ ಕೂತಿದ್ದ ಮಾಹಿತಿಯನ್ನು ಯಾರೂ ಊಹಿಸಬೇಕಿರಲಿಲ್ಲ. ಓದಿದ್ದರೆ ಸಾಕಿತ್ತು.

ನನ್ನ ವಾದಕ್ಕೆ ಒಗ್ಗದ ಪ್ರಕರಣವನ್ನು ಮುಚ್ಚಿಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 1993ರಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೆ ಫಿಯಾಲುರಿಡಿನ್ ಕೊಟ್ಟರು. 15 ಜನರಲ್ಲಿ ಏಳು ಮಂದಿಯ ಯಕೃತ್ತು ಕೈಕೊಟ್ಟಿತು. ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಬದುಕಿದರು. ಆ ವಿಷ ವಾರಗಟ್ಟಲೆ ಸದ್ದಿಲ್ಲದೆ ಕೋಶಗಳ ಶಕ್ತಿಕೇಂದ್ರಗಳಲ್ಲಿ ಸೇರಿಕೊಳ್ಳುವಂಥದ್ದು. ಪ್ರಾಣಿಗಳಲ್ಲಿ ಸುಳಿವು ಸಿಕ್ಕಿರಲಿಲ್ಲ, ಒಂದೆರಡು ದಿನ ಕಾಯುವುದರಿಂದ ಅದು ಬಯಲಾಗುತ್ತಲೂ ಇರಲಿಲ್ಲ. ನಿಜಕ್ಕೂ ಬಚ್ಚಿಟ್ಟುಕೊಂಡ ಅಪಾಯಗಳಿವೆ. ಆದರೆ ಇಲ್ಲೂ ಒಂದು ಮಾತು ಉಳಿಯುತ್ತದೆ. ಹಿಂದಿನ ಪ್ರಯೋಗಗಳಲ್ಲಿ ಆ ಔಷಧ ಸೇವಿಸಿದ ಕೆಲವರು ಸತ್ತಿದ್ದರು. ಆ ಸಾವುಗಳನ್ನು ಅವರ ಮೂಲ ಕಾಯಿಲೆಗಳ ಲೆಕ್ಕಕ್ಕೆ ಬರೆದುಕೊಳ್ಳಲಾಗಿತ್ತು. ಅನುಮಾನ ಬಂದಾಗ ಔಷಧವನ್ನು ಬಿಟ್ಟು ಬೇರೆ ಎಲ್ಲವನ್ನೂ ದೂರುವ ಅಭ್ಯಾಸವಿದ್ದರೆ, ಅಪಾಯ ತಾನಾಗಿ ಎದ್ದು ಬಂದು ಮುಖ ತೋರಿಸಿದರೂ ಗುರುತು ಸಿಗುವುದಿಲ್ಲ.

ಎದುರು ಪಕ್ಷದ ಬಲವಾದ ವಾದ ಅಂಕಿಅಂಶದ್ದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಫೈಜರ್ ಕಂಪನಿಯ ಮೂರು ಘಟಕಗಳಲ್ಲಿ ನಡೆದ 394 ಮೊದಲ ಹಂತದ ಪ್ರಯೋಗಗಳನ್ನು ಪರಿಶೀಲಿಸಿತು. 11,028 ಜನರಲ್ಲಿ ಗಂಭೀರ ತೊಂದರೆಯಾದದ್ದು 34 ಮಂದಿಗೆ, ಅಂದರೆ 0.31 ಪ್ರತಿಶತ. ಯಾರೂ ಸಾಯಲಿಲ್ಲ. ಇದು ಒಳ್ಳೆಯ ಸುದ್ದಿ, ಅಲ್ಲಗಳೆಯುವುದಿಲ್ಲ. ಆದರೆ ಈ ಸರಾಸರಿ ಏನನ್ನು ಸಾಬೀತು ಮಾಡುತ್ತದೆ? ಬಹುಪಾಲು ಪ್ರಯೋಗಗಳನ್ನು ಸುರಕ್ಷಿತವಾಗಿ ನಡೆಸಲು ಸಾಧ್ಯ ಎಂಬುದನ್ನು. ಹಾಗಾದರೆ ಹಾನಿ ಅನಿವಾರ್ಯ ಎಂಬ ಮಾತು ಎಲ್ಲಿ ಉಳಿಯಿತು? ಅಂಕಿಅಂಶವನ್ನು ಗುರಾಣಿಯಾಗಿ ಹಿಡಿಯುವವರು ತಮ್ಮದೇ ಮತ್ತೊಂದು ವಾದವನ್ನು ಕೊಂದುಕೊಳ್ಳುತ್ತಾರೆ. ಇನ್ನು, ಹೊಸದೊಂದು ಬಗೆಯಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಔಷಧಕ್ಕಾಗಿ ಕಾದು ಮಲಗಿದವನಿಗೆ ನೂರಾರು ಬೇರೆ ಔಷಧಗಳ ಸರಾಸರಿ ಹೇಳಿ ಉಪಯೋಗವಿಲ್ಲ. ಅಪಾಯ ಎಲ್ಲರಿಗೂ ಸಮನಾಗಿ ಹಂಚಿಹೋಗಿರುವುದಿಲ್ಲ. ನಾರ್ತ್‌ವಿಕ್ ಪಾರ್ಕಿನಲ್ಲಿ ಔಷಧ ಪಡೆದವರ ಪಾಲಿಗೆ ಗಂಭೀರ ಹಾನಿಯ ಪ್ರಮಾಣ 0.31 ಅಲ್ಲ, ನೂರಕ್ಕೆ ನೂರು.

ಸಹಿ ಹಾಕಿದ್ದಾರಲ್ಲ, ಹಣ ತೆಗೆದುಕೊಂಡಿದ್ದಾರಲ್ಲ ಎಂಬ ಮಾತನ್ನು ಬೇಗ ಮುಗಿಸಬಹುದು. ಮನುಷ್ಯ ಒಪ್ಪಿಗೆ ಕೊಡುವುದು ತನಗೆ ಹೇಳಿದ ಅಪಾಯಕ್ಕೆ. ಮಂಗಗಳು ಸತ್ತದ್ದನ್ನು ಹೇಳದೆ ಪಡೆದ ಸಹಿ, ಜೊತೆಗಾರ ಆಸ್ಪತ್ರೆ ಸೇರಿದ್ದನ್ನು ಹೇಳದೆ ಮುಂದುವರಿಸಿದ ಸಹಿ, ಕಾಗದದ ಮೇಲಿನ ಶಾಯಿಗಿಂತ ಹೆಚ್ಚೇನಲ್ಲ. ಅಲ್ಲದೆ, ಎಷ್ಟೇ ಪ್ರಾಮಾಣಿಕ ಒಪ್ಪಿಗೆಯಿದ್ದರೂ ಅದು ತಪ್ಪು ಲೆಕ್ಕವನ್ನು ಸರಿಯಾಗಿಸುವುದಿಲ್ಲ. ಗ್ರಾಹಕಗಳ ಲೆಕ್ಕ ಮಾಡಬೇಕಾದವರು ವಿಜ್ಞಾನಿಗಳು, ಅದನ್ನು ಕೇಳಬೇಕಾದವರು ಅನುಮತಿ ಕೊಡುವವರು. ಆ ಹೊಣೆಯನ್ನು ಬಾಡಿಗೆ ಕಟ್ಟಲೋ ಫೀಸು ತುಂಬಲೋ ಬಂದ ಹುಡುಗನ ಸಹಿಯ ಮೇಲೆ ಹೊರಿಸುವುದು ಹೇಡಿತನ.

ನಿಧಾನ ಮಾಡಿದರೆ ಔಷಧ ತಡವಾಗಿ, ಕಾಯುತ್ತಿರುವ ರೋಗಿಗಳು ಸಾಯುತ್ತಾರೆ ಎಂಬ ವಾದಕ್ಕೆ ಭಾವನೆಯ ಬಲವಿದೆ, ಲೆಕ್ಕದ ಬಲವಿಲ್ಲ. ಒಂದು ಔಷಧ ಪ್ರಯೋಗಾಲಯದಿಂದ ಅಂಗಡಿಗೆ ಬರಲು ಹತ್ತು ವರ್ಷದ ಆಸುಪಾಸು ಬೇಕು. ಆರು ಜನರಿಗೆ ದಿನಕ್ಕೊಬ್ಬರಂತೆ ಮದ್ದು ಕೊಟ್ಟರೆ ಹೆಚ್ಚಾಗಿ ಹೋಗುವುದು ಒಂದು ವಾರ. ಇಡೀ ಜಗತ್ತೇ ಅವಸರದಲ್ಲಿದ್ದ 2020ರ ಏಪ್ರಿಲ್ 23ರಂದು ಆಕ್ಸ್‌ಫರ್ಡ್‌ನಲ್ಲಿ ಕೋವಿಡ್ ಲಸಿಕೆಯ ಮಾನವ ಪ್ರಯೋಗ ಆರಂಭವಾಯಿತು. ಮೊದಲ ದಿನ ಚುಚ್ಚಿದ್ದು ಇಬ್ಬರಿಗೆ ಮಾತ್ರ. ಅವರಲ್ಲೂ ಒಬ್ಬರಿಗೆ ಹೊಸ ಲಸಿಕೆ, ಇನ್ನೊಬ್ಬರಿಗೆ ಹೋಲಿಕೆಗಾಗಿ ಬೇರೆ ಲಸಿಕೆ. ಎರಡು ದಿನ ಕಾದರು. ಆಮೇಲೆ ಆರು ಜನ, ಅನಂತರ ಉಳಿದವರು. ಅದೇ ಲಸಿಕೆ ಆ ವರ್ಷ ಮುಗಿಯುವುದರೊಳಗೆ ಬ್ರಿಟನ್ನಿನಲ್ಲಿ ಅನುಮತಿ ಪಡೆಯಿತು. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಕೋಟ್ಯಂತರ ಜನರ ತೋಳಿಗೆ ಬಂತು. ಮಹಾಮಾರಿಯ ನಡುವೆ ಎರಡು ದಿನ ಕಾಯಲು ಸಾಧ್ಯವಾಗಿದ್ದರೆ, ಸಂಧಿವಾತದ ಔಷಧಕ್ಕೋ ನೋವಿನ ಮಾತ್ರೆಗೋ ಸಾಧ್ಯವಿಲ್ಲ ಎನ್ನುವವರು ಯಾರ ಗಡಿಯಾರ ನೋಡುತ್ತಿದ್ದಾರೆ? ರೋಗಿಯದನ್ನಂತೂ ಅಲ್ಲ.

ಇದು ನಮಗೇಕೆ ಎಂದು ಕೇಳುವ ಕಾಲ ಮುಗಿದಿದೆ. ವಿದೇಶದಲ್ಲಿ ಕಂಡುಹಿಡಿದ ಔಷಧಗಳ ಮೊದಲ ಮಾನವ ಪ್ರಯೋಗಕ್ಕೆ ಭಾರತ ಬಹುಕಾಲ ಅವಕಾಶ ಕೊಟ್ಟಿರಲಿಲ್ಲ. ಹಾಗಾಗಿ ಈ ಚರ್ಚೆ ದೂರದ್ದೆನಿಸುತ್ತಿತ್ತು. ಈಗ ಔಷಧಗಳು ನಮ್ಮಲ್ಲೇ ಹುಟ್ಟುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲ ಹಂತದ ಪ್ರಯೋಗಗಳಿಗಾಗಿಯೇ ಆಸ್ಪತ್ರೆಗಳ ಜಾಲ ಕಟ್ಟಿದೆ. 2024ರಲ್ಲಿ ಅದು ಒಪ್ಪಂದ ಮಾಡಿಕೊಂಡ ನಾಲ್ಕು ಕಂಪನಿಗಳಲ್ಲಿ ಎರಡು ಬೆಂಗಳೂರಿನವು: ಮೂಳೆಮಜ್ಜೆಯ ಕ್ಯಾನ್ಸರಿಗೆ ಔಷಧ ಸಿದ್ಧಪಡಿಸುತ್ತಿರುವ ಆರಿಜೀನ್ ಆಂಕಾಲಜಿ, ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ಹುಟ್ಟಿ ಫ್ಲೂ ಲಸಿಕೆ ರೂಪಿಸುತ್ತಿರುವ ಮೈನ್‌ವ್ಯಾಕ್ಸ್. ಇದು ಹೆಮ್ಮೆಪಡುವ ಸಂಗತಿ. ನಮ್ಮ ಕಾಯಿಲೆಗಳಿಗೆ ನಮ್ಮ ಔಷಧ ಬೇಕು ಎನ್ನುವವರು ಅದನ್ನು ಮೊದಲು ಸೇವಿಸುವವರೂ ನಮ್ಮವರೇ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಔಷಧ ಪ್ರಯೋಗದ ಬಗ್ಗೆ ಗದ್ದಲ ನಡೆದಿಲ್ಲವೆಂದಲ್ಲ. ಖಮ್ಮಂ ಮತ್ತು ವಡೋದರಾದ ಎಚ್‌ಪಿವಿ ಲಸಿಕೆ ಅಧ್ಯಯನ 2010ರಲ್ಲಿ ನಿಂತಿತು. ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಫಲವಾಗಿ ಪರಿಹಾರದ ನಿಯಮ, ಒಪ್ಪಿಗೆಯ ವೀಡಿಯೊ ಚಿತ್ರೀಕರಣ, 24 ಗಂಟೆಯೊಳಗೆ ವರದಿ ಮಾಡುವ ಕಟ್ಟಳೆ ಬಂದವು. ಇವು ಹೋರಾಡಿ ಗಳಿಸಿದ ರಕ್ಷಣೆಗಳು. ಆದರೆ ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಹಾನಿಯಾದ ಮೇಲೆ ಕೆಲಸಕ್ಕೆ ಬರುವಂಥವು. 25ರ ಆರೋಗ್ಯವಂತ ಸ್ವಯಂಸೇವಕ ಪ್ರಯೋಗದಿಂದ ಸತ್ತರೆ 2019ರ ನಿಯಮಗಳ ಸೂತ್ರದಂತೆ ಕುಟುಂಬಕ್ಕೆ ಸುಮಾರು 70 ಲಕ್ಷ ರೂಪಾಯಿ ಸಿಗಬೇಕು. ವಯಸ್ಸಿಗೆ ತಕ್ಕಂತೆ ದಶಮಾಂಶದವರೆಗೆ ಲೆಕ್ಕ ಸಿದ್ಧವಿದೆ. ಸಾವಿನ ಬೆಲೆಗೆ ತೋರಿದ ಈ ನಿಖರತೆಯನ್ನು ಮೊದಲ ಡೋಸಿನ ಲೆಕ್ಕಕ್ಕೂ ತೋರಿದ್ದೇವೆಯೇ?

ಅದೇ 2019ರ ನಿಯಮಗಳಲ್ಲಿ ಇನ್ನೊಂದು ಅಂಶವಿದೆ. ಭಾರತದಲ್ಲೇ ಕಂಡುಹಿಡಿದು ಇಲ್ಲೇ ತಯಾರಿಸುವ ಔಷಧದ ಪ್ರಯೋಗಕ್ಕೆ ಅರ್ಜಿ ಹಾಕಿ 30 ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬಹುದು. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆ ಮಾತುಕತೆಗೆ ಸರಿಹೋದೀತು. ಯಾವ ಮನುಷ್ಯನ ದೇಹಕ್ಕೂ ಇದುವರೆಗೆ ಹೋಗದ ಅಣುವಿಗೆ ಗುಮಾಸ್ತನ ಮೇಜಿನ ಮೇಲಿನ ಮೌನ ಪರವಾನಗಿಯಾಗಬಾರದು. ದೇಶೀಯ ಸಂಶೋಧನೆಗೆ ಕೆಂಪುಪಟ್ಟಿಯ ಕಾಟ ತಪ್ಪಿಸಬೇಕೆಂಬ ಉದ್ದೇಶ ಒಳ್ಳೆಯದೇ. ಕಾಟ ತಪ್ಪಿಸುವ ದಾರಿ ಹೆಚ್ಚು ತಜ್ಞರನ್ನು ನೇಮಿಸಿ ಬೇಗ ಓದಿಸುವುದು. ಓದದೇ ಬಿಟ್ಟಿದ್ದನ್ನು ಒಪ್ಪಿಗೆ ಎಂದು ಕರೆಯುವುದಲ್ಲ.

ಇಲ್ಲಿ ಇನ್ನೊಂದು ಬಣದೊಡನೆಯೂ ನನ್ನ ತಕರಾರಿದೆ. ಬಡವರನ್ನು ಗಿನಿಪಿಗ್ ಮಾಡುತ್ತಿದ್ದಾರೆ, ಇಂಥ ಪ್ರಯೋಗಗಳೇ ಬೇಡ ಎನ್ನುವವರು ಕಂಪನಿಗಳ ಕಡುವಿರೋಧಿಗಳಂತೆ ಕಾಣುತ್ತಾರೆ. ಒಳಗೆ ನೋಡಿದರೆ ಇಬ್ಬರ ನಂಬಿಕೆಯೂ ಒಂದೇ: ಮೊದಲ ಪ್ರಯೋಗವೆಂದ ಮೇಲೆ ಬಲಿ ತಪ್ಪಿದ್ದಲ್ಲ. ಒಬ್ಬರು ಅದಕ್ಕಾಗಿ ಸಹಿಸಿಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ನಿಲ್ಲಿಸಿ ಎನ್ನುತ್ತಾರೆ. ಬಲಿ ತಪ್ಪಿಸಬಹುದಾದದ್ದು ಎಂದು ಒಪ್ಪಿದ ಕೂಡಲೇ ಸಹಿಸುವುದಕ್ಕೂ ನಿಲ್ಲಿಸುವುದಕ್ಕೂ ಕಾರಣ ಉಳಿಯುವುದಿಲ್ಲ. ಸರಿಯಾಗಿ ಮಾಡಿ ಎಂದು ಒತ್ತಾಯಿಸುವುದೊಂದೇ ಉಳಿಯುತ್ತದೆ.

ಸರಿಯಾಗಿ ಮಾಡುವುದೆಂದರೆ ಏನು ಎಂಬುದು ಗುಟ್ಟಲ್ಲ. ಪ್ರತಿ ಹೊಸ ಡೋಸನ್ನೂ ಮೊದಲು ಒಬ್ಬರಿಗೆ ಕೊಟ್ಟು, ಔಷಧದ ಸ್ವಭಾವಕ್ಕೆ ತಕ್ಕಷ್ಟು ಹೊತ್ತು ಕಾಯಬೇಕು. ಈ ಡೋಸಿನಲ್ಲಿ ಗುರಿಯ ಎಷ್ಟು ಪಾಲು ತುಂಬುತ್ತದೆ, ಎಲ್ಲಿಗೆ ತಲುಪಿದ ಮೇಲೆ ಏರಿಕೆ ನಿಲ್ಲುತ್ತದೆ ಎಂಬುದನ್ನು ಅರ್ಜಿಯಲ್ಲೇ ಬರೆದಿರಬೇಕು. ಒಬ್ಬ ಆಸ್ಪತ್ರೆ ಸೇರಿದರೆ ಮುಂದಿನ ಡೋಸ್ ತಾನಾಗಿ ನಿಲ್ಲಬೇಕು. ಉಳಿದವರಿಗೆ ವಿಷಯ ತಿಳಿಸಿ, ಹೊಸದಾಗಿ ಒಪ್ಪಿಗೆ ಕೇಳಿಯೇ ಮುಂದುವರಿಯಬೇಕು. ಮೊದಲ ಹಂತದ ಎಲ್ಲ ಫಲಿತಾಂಶಗಳು, ಮುಖ್ಯವಾಗಿ ಸೋತವು, ಎಲ್ಲರಿಗೂ ಓದಲು ಸಿಗಬೇಕು. ಪ್ರಯೋಗಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು 2007ರಲ್ಲಿ ಕಾನೂನು ಮಾಡಿದ ಅಮೆರಿಕ ಕೂಡ ಮೊದಲ ಹಂತವನ್ನು ಅದರಿಂದ ಹೊರಗಿಟ್ಟಿತು. ವ್ಯಾಪಾರದ ಗುಟ್ಟು ಎನ್ನುತ್ತಾರೆ. ಒಂದು ಕಂಪನಿಯ ಗುಟ್ಟನ್ನು ಇನ್ನೊಂದು ಕಂಪನಿಯ ಸ್ವಯಂಸೇವಕ ತನ್ನ ದೇಹದ ಮೇಲೆ ಮತ್ತೆ ಕಂಡುಕೊಳ್ಳಬೇಕೇ?

ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬೇಕಿರುವುದು ಪುರಾವೆಯ ಹೊರೆ ಯಾರದೆಂಬ ತೀರ್ಮಾನ. ಸದ್ಯಕ್ಕೆ ಹಾನಿಯಾದ ಮೇಲೆ, ಇದು ತಪ್ಪಿಸಬಹುದಾಗಿತ್ತು ಎಂದು ಸಾಬೀತು ಮಾಡುವ ಹೊರೆ ಸತ್ತವನ ಮನೆಯವರ ಮೇಲಿದೆ. ಅದನ್ನು ತಿರುಗಿಸಿ, ಮದ್ದು ಕೊಡುವ ಮುನ್ನವೇ, ತಪ್ಪಿಸಲು ಸಾಧ್ಯವಿದ್ದುದನ್ನೆಲ್ಲ ಮಾಡಿದ್ದೇವೆ ಎಂದು ಲಿಖಿತವಾಗಿ ತೋರಿಸುವ ಹೊರೆಯನ್ನು ಕಂಪನಿ, ಎಥಿಕ್ಸ್ ಕಮಿಟಿ ಮತ್ತು ನಿಯಂತ್ರಣ ಸಂಸ್ಥೆಗಳ ಹೆಗಲಿಗೆ ಹಾಕಬೇಕು. ಹಾಗೆ ತೋರಿಸಲಾಗದ ಪ್ರಯೋಗಕ್ಕೆ 30 ದಿನವಲ್ಲ, 300 ದಿನ ಕಳೆದರೂ ಅನುಮತಿ ಸಿಗಬಾರದು.